ಗಲ್ಫಿನಲ್ಲಿ ಕೊಂಡ ಮನೆ ಯಾರದ್ದು?

ನಿಮ್ಮ ಮನೆಯ ಕಪಾಟಿನಲ್ಲೂ ಅಂಥ ಒಂದು ಫೈಲು ಇರಬಹುದು. ದುಬೈಯಿಂದ ರಜೆಯಲ್ಲಿ ಬಂದಾಗ ಪತಿ ತಂದಿಟ್ಟದ್ದು. ಒಳಗೆ ಅರಬಿ ಮತ್ತು ಇಂಗ್ಲಿಷಿನ ನಾಲ್ಕಾರು ಹಾಳೆ, ಕಟ್ಟಡದ ಬಣ್ಣದ ಚಿತ್ರ, ಹಣ ಕಟ್ಟಿದ ರಶೀದಿಗಳು. "ಅಲ್ಲಿ ನಮಗೂ ಒಂದು ಮನೆ ಆಯಿತು" ಎಂದು ಹೇಳಿ ಅವರು ಮರಳಿ ಹೋಗಿದ್ದಾರೆ. ನೀವು ಅಲ್‌ಹಮ್ದುಲಿಲ್ಲಾಹ್ ಎಂದು ಫೈಲನ್ನು ಸೀರೆಗಳ ಅಡಿಯಲ್ಲಿ ಇಟ್ಟಿದ್ದೀರಿ.

ಇಂದು ಆ ಫೈಲನ್ನು ಒಮ್ಮೆ ಹೊರಗೆ ತೆಗೆಯಿರಿ. ಅದರಲ್ಲಿ 'ಲೀಸ್' ಎಂಬ ಪದ ಎಲ್ಲಿಯಾದರೂ ಇದೆಯೇ? 'ಫ್ರೀಹೋಲ್ಡ್' ಎಂದಿದೆಯೇ? 99 ಎಂಬ ಅಂಕೆ ಇದೆಯೇ? ಸರಕಾರದ ಭೂ ಇಲಾಖೆಯ ಮುದ್ರೆ ಇದೆಯೇ, ಅಥವಾ ಕಂಪೆನಿಯ ಮುದ್ರೆ ಮಾತ್ರವೇ? ಎಲ್ಲಕ್ಕಿಂತ ಮುಖ್ಯವಾಗಿ, ಯಾರ ಹೆಸರಿದೆ?

ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟೋ ಕುಟುಂಬಗಳ ಇಪ್ಪತ್ತು ಮೂವತ್ತು ವರ್ಷಗಳ ಬೆವರು ಇಂಥ ಫೈಲುಗಳಲ್ಲಿ ಅಡಗಿದೆ. ಊರಿನಲ್ಲಿ ಐದು ಸೆಂಟ್ಸ್ ಜಾಗ ಕೊಳ್ಳುವಾಗ ನಾವು ಪಹಣಿ, ಋಣಭಾರ ಪತ್ರ, ಮೂಲಪತ್ರ ಎಂದು ಹತ್ತು ಸಲ ಪರಿಶೀಲಿಸುತ್ತೇವೆ. ಅದೇ ಮಂದಿ ಪರದೇಶದಲ್ಲಿ ಅದರ ಹತ್ತು ಪಟ್ಟು ಹಣ ಸುರಿಯುವಾಗ ಏಜೆಂಟನ ಬಾಯಿಮಾತನ್ನು ನಂಬುತ್ತಾರೆ. ಯಾಕೆ ಹೀಗೆ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಗೇಣಿಯ ನಾಡಿನವರಿಗೆ ಹೊಸತೇನಲ್ಲ

ಲೀಸ್‌ಹೋಲ್ಡ್ ಎಂದರೆ ಗುತ್ತಿಗೆ. 99 ವರ್ಷವಾದರೂ ಗುತ್ತಿಗೆ ಗುತ್ತಿಗೆಯೇ. ನೀವು ಕೊಟ್ಟ ಹಣಕ್ಕೆ ಸಿಗುವುದು ಅಷ್ಟು ಕಾಲ ವಾಸಿಸುವ ಅಥವಾ ಬಾಡಿಗೆಗೆ ಕೊಡುವ ಹಕ್ಕು. ನೆಲ ಬೇರೆಯವರದ್ದು. ಮಾರಲು ಹೊರಟರೆ ಮಾಲಕನ ಒಪ್ಪಿಗೆ ಬೇಕಾಗಬಹುದು. ವರ್ಷ ಕಳೆದಂತೆ ಉಳಿದ ಅವಧಿ ಕಡಿಮೆಯಾಗುತ್ತಾ ಹೋಗುತ್ತದೆ, ಕೊಳ್ಳುವವನು ಆ ಲೆಕ್ಕವನ್ನೇ ಮೊದಲು ಕೇಳುತ್ತಾನೆ. ಮೊಮ್ಮಕ್ಕಳ ಕಾಲಕ್ಕೆ ಕೀಲಿಕೈ ಹಿಂದಿರುಗಿಸಬೇಕು.

ನಮ್ಮ ಕರಾವಳಿಯ ಹಿರಿಯರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಚಾಲಗೇಣಿ ಮತ್ತು ಮೂಲಗೇಣಿಯ ವ್ಯತ್ಯಾಸ ಅವರಿಗೆ ಗೊತ್ತು. ಚಾಲಗೇಣಿಯವನು ಧಣಿಯ ಮರ್ಜಿಯಲ್ಲಿರುವವನು. ಮೂಲಗೇಣಿಯವನು ತಲೆಮಾರುಗಳ ಕಾಲ ಅದೇ ಜಾಗದಲ್ಲಿ ಮನೆ ಕಟ್ಟಿ ಕುಳಿತವನು, ಗೇಣಿ ಕೊಡುವವರೆಗೆ ಅವನನ್ನು ಎಬ್ಬಿಸುವಂತಿರಲಿಲ್ಲ. ಆದರೂ ಅವನು ಒಡೆಯನಲ್ಲ. ಅವರಿಗೆ ಒಡೆತನ ಕೊಡಿಸಲು ನಮ್ಮ ರಾಜ್ಯ 2011ರ ಹೆಸರಿನಲ್ಲಿ ಒಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಗಲ್ಫಿನ ಕಾನೂನಿನಲ್ಲೂ ಹೀಗೆ ಗುತ್ತಿಗೆ ಮತ್ತು ಒಡೆತನದ ನಡುವೆ ಹಲವು ಮೆಟ್ಟಿಲುಗಳಿವೆ. ಏಜೆಂಟರು ಎಲ್ಲವನ್ನೂ 'ಖರೀದಿ' ಎಂಬ ಒಂದೇ ಪದದಲ್ಲಿ ಮುಗಿಸುತ್ತಾರೆ.

ಸಂಪೂರ್ಣ ಒಡೆತನ ಸಾಧ್ಯವೇ?

ಸಾಧ್ಯ, ಆದರೆ ಗುರುತಿಸಿದ ಪ್ರದೇಶಗಳಲ್ಲಿ ಮಾತ್ರ. ದುಬೈಯಲ್ಲಿ ವಿದೇಶೀಯರಿಗೆ ಮನೆ ಮಾರಬಹುದೆಂಬ ಘೋಷಣೆ ಹೊರಬಿದ್ದದ್ದು 2002ರಲ್ಲಿ. ಜನ ಮುಗಿಬಿದ್ದು ಕೊಂಡರು. ಆದರೆ ಅದಕ್ಕೆ ಸರಿಯಾದ ಕಾನೂನು ಬಂದದ್ದು ನಾಲ್ಕು ವರ್ಷದ ನಂತರ, 2006ರ 7ನೇ ಕಾಯ್ದೆಯಾಗಿ. ಅದರ ಪ್ರಕಾರ ಆಡಳಿತಗಾರರು ಗೊತ್ತುಪಡಿಸಿದ ಪ್ರದೇಶಗಳಲ್ಲಿ ವಿದೇಶೀಯರು ಅವಧಿಯ ಮಿತಿಯಿಲ್ಲದ ಒಡೆತನವನ್ನು ಪಡೆಯಬಹುದು. ಇಲ್ಲವೇ ಗರಿಷ್ಠ 99 ವರ್ಷಗಳ ಬಳಕೆ ಹಕ್ಕು ಅಥವಾ ಗುತ್ತಿಗೆ ಪಡೆಯಬಹುದು. ಮರೀನಾ, ಪಾಮ್ ಜುಮೈರಾ, ಬುರ್ಜ್ ಖಲೀಫಾದ ಸುತ್ತಲಿನ ಪ್ರದೇಶಗಳೆಲ್ಲ ಅದೇ ವರ್ಷದ ಪಟ್ಟಿಯಲ್ಲಿದ್ದವು. ಪಟ್ಟಿ ಬೆಳೆಯುತ್ತಲೂ ಇದೆ. 2025ರ ಜನವರಿಯಲ್ಲಿ ಶೇಖ್ ಝಾಯೆದ್ ರಸ್ತೆಯ ಒಂದು ಭಾಗ ಮತ್ತು ಅಲ್ ಜದ್ದಾಫ್‌ನ ನಿವೇಶನಗಳ ಮಾಲಕರಿಗೂ ತಮ್ಮ ಜಾಗವನ್ನು ಫ್ರೀಹೋಲ್ಡ್ ಆಗಿ ಪರಿವರ್ತಿಸಿಕೊಳ್ಳಲು ಅವಕಾಶ ನೀಡಲಾಯಿತು. ಹಾಗೆ ಪರಿವರ್ತನೆಯಾದ ಜಾಗವನ್ನು ಯಾವ ದೇಶದವರೂ ಕೊಳ್ಳಬಹುದು.

ಅಬುಧಾಬಿ ಹೆಚ್ಚು ಎಚ್ಚರಿಕೆಯಿಂದ ನಡೆಯಿತು. 2005ರ ಅಲ್ಲಿನ ಕಾಯ್ದೆ ವಿದೇಶೀಯರಿಗೆ ಕಟ್ಟಡದೊಳಗಿನ ಮನೆಯನ್ನು ಕೊಟ್ಟಿತೇ ಹೊರತು ನೆಲವನ್ನು ಕೊಡಲಿಲ್ಲ. 2019ರ 13ನೇ ಕಾಯ್ದೆಯ ನಂತರವೇ ಯಾಸ್, ಸಾದಿಯಾತ್, ರೀಮ್ ದ್ವೀಪಗಳಂಥ ಹೂಡಿಕೆ ವಲಯಗಳಲ್ಲಿ ನೆಲಸಹಿತ ಒಡೆತನಕ್ಕೆ ದಾರಿಯಾಯಿತು. ಶಾರ್ಜಾದಲ್ಲಿ 2014ರಲ್ಲಿ ನಮ್ಮಂಥವರಿಗೆ ಸಿಕ್ಕಿದ್ದು 100 ವರ್ಷದ ಬಳಕೆ ಹಕ್ಕು. ಗೊತ್ತುಪಡಿಸಿದ ಯೋಜನೆಗಳಲ್ಲಿ ಒಡೆತನ 2022ರ ತಿದ್ದುಪಡಿಯಿಂದ ಬಂತು. ಒಮಾನಿನಲ್ಲಿ 2006ರಿಂದ ಸಮಗ್ರ ಪ್ರವಾಸೋದ್ಯಮ ಸಂಕೀರ್ಣಗಳೆಂದು ಕರೆಯುವ ಬಡಾವಣೆಗಳಲ್ಲಿ ವಿದೇಶೀಯರು ಕೊಳ್ಳಬಹುದು, ಮಸ್ಕತ್ತಿನ ಅಲ್ ಮೌಜ್ ಅವುಗಳಲ್ಲಿ ಒಂದು. ಕತಾರಿನಲ್ಲಿ ಕೆಲವು ವಲಯಗಳು ಒಡೆತನಕ್ಕೆ, ಇನ್ನು ಕೆಲವು 99 ವರ್ಷದ ಬಳಕೆಗೆ ಎಂದು ಬೇರೆ ಬೇರೆಯಾಗಿ ಗುರುತಿಸಿದ್ದಾರೆ.

ಆದ್ದರಿಂದ "ದುಬೈಯಲ್ಲಿ ಫ್ರೀಹೋಲ್ಡ್ ಸಿಗುತ್ತದೆಯಂತೆ" ಎಂಬ ಮಾತಿನಿಂದ ಏನೂ ಆಗುವುದಿಲ್ಲ. ಈ ಕಟ್ಟಡ ನಿಂತ ಈ ನಿವೇಶನ ಯಾವ ವಲಯದಲ್ಲಿದೆ ಎಂದು ಕೇಳಬೇಕು. ಒಂದೇ ರಸ್ತೆಯ ಆಚೆ ಈಚೆ ಎರಡು ಬಗೆಯ ಹಕ್ಕು ಇರಬಹುದು.

ಬಳಕೆ ಹಕ್ಕು ಮತ್ತು ಮುಸಾತಹ

ಇನ್ನೆರಡು ಹೆಸರುಗಳನ್ನು ನೀವು ಕೇಳುತ್ತೀರಿ. ಒಂದು 'ಇಂತಿಫಾ', ಅಂದರೆ ಬಳಕೆ ಹಕ್ಕು. ವಸ್ತು ಇನ್ನೊಬ್ಬರದ್ದು, ಅದರ ಫಲ ನಮ್ಮದು. ತೆಂಗಿನ ತೋಟ ಧಣಿಯದ್ದು, ಕಾಯಿ ನಮ್ಮದು ಎಂದಂತೆ. ಸಾಮಾನ್ಯ ಗುತ್ತಿಗೆಗಿಂತ ಇದು ಗಟ್ಟಿ, ಏಕೆಂದರೆ ಇದು ಮಾಲಕನೊಂದಿಗಿನ ಬರೇ ಒಪ್ಪಂದವಲ್ಲ, ಆಸ್ತಿಯ ಮೇಲೆಯೇ ಕೂತ ಹಕ್ಕು. ಮನೆಯನ್ನು ಬಾಡಿಗೆಗೆ ಕೊಡಬಹುದು. ಕೆಡಿಸುವಂತಿಲ್ಲ, ರೂಪ ಬದಲಿಸುವಂತಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಬಳಕೆ ಹಕ್ಕು ಹುಟ್ಟಿದ್ದೇ ವ್ಯಕ್ತಿಗೆ ಅಂಟಿಕೊಂಡು. ಅನೇಕ ದೇಶಗಳ ಸಿವಿಲ್ ಕಾನೂನಿನಲ್ಲಿ ಅದನ್ನು ಪಡೆದವನು ತೀರಿಕೊಂಡರೆ ಅದೂ ಮುಗಿಯುತ್ತದೆ. ಆದ್ದರಿಂದ 99 ವರ್ಷ ಎಂಬ ಅಂಕೆ ನೋಡಿ ಸಮಾಧಾನಪಡಬೇಡಿ. "ಪಡೆದವರು ಮರಣ ಹೊಂದಿದರೆ ಉಳಿದ ಅವಧಿ ವಾರಸುದಾರರಿಗೆ" ಎಂಬ ಸಾಲು ಒಪ್ಪಂದದಲ್ಲಿ ಇದೆಯೇ ಎಂದು ಬೆರಳಿಟ್ಟು ಹುಡುಕಿ.

ಗುತ್ತಿಗೆಯ ವಿಷಯದಲ್ಲಿ ನಮ್ಮ ಫಿಕ್‌ಹ್ ಪಂಡಿತರು ಈ ಪ್ರಶ್ನೆಯನ್ನು ಸಾವಿರ ವರ್ಷಕ್ಕೂ ಹಿಂದೆಯೇ ಚರ್ಚಿಸಿದ್ದಾರೆ. ಹನಫಿ ಮದ್‌ಹಬ್‌ನ ಪ್ರಕಾರ ಗುತ್ತಿಗೆಯ ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಒಪ್ಪಂದ ಕೊನೆಯಾಗುತ್ತದೆ. ಶಾಫಿಈ, ಮಾಲಿಕಿ, ಹಂಬಲಿ ಮದ್‌ಹಬ್‌ಗಳಲ್ಲಿ ಅವಧಿ ಮುಗಿಯುವ ತನಕ ಅದು ವಾರಸುದಾರರ ಕೈಯಲ್ಲಿ ಮುಂದುವರಿಯುತ್ತದೆ. ನಮ್ಮ ಕರಾವಳಿಯ ಬ್ಯಾರಿ ಮತ್ತು ನವಾಯತರಲ್ಲಿ ಹೆಚ್ಚಿನವರು ಶಾಫಿಈಗಳು, ಘಟ್ಟದ ಮೇಲಿನವರಲ್ಲಿ ಹೆಚ್ಚಿನವರು ಹನಫಿಗಳು. ಆದರೆ ಅಲ್ಲಿನ ನ್ಯಾಯಾಲಯ ನಿಮ್ಮ ಮದ್‌ಹಬ್ ಕೇಳಿ ತೀರ್ಪು ಕೊಡುವುದಿಲ್ಲ. ಆ ದೇಶದ ಕಾಯ್ದೆ ಮತ್ತು ನೀವು ಸಹಿ ಹಾಕಿದ ಕಾಗದವನ್ನು ನೋಡುತ್ತದೆ.

ಎರಡನೆಯದು 'ಮುಸಾತಹ'. ಇನ್ನೊಬ್ಬರ ಖಾಲಿ ನೆಲದ ಮೇಲೆ ಕಟ್ಟಡ ಕಟ್ಟುವ ಅಥವಾ ಗಿಡ ನೆಡುವ ಹಕ್ಕು. ಎಮಿರೇಟ್ಸಿನ 1985ರ ಸಿವಿಲ್ ಕಾಯ್ದೆ ಇದಕ್ಕೆ 50 ವರ್ಷಗಳ ಮಿತಿಯನ್ನು ಇಟ್ಟಿತ್ತು. ಅವಧಿಯ ಒಳಗೆ ಕಟ್ಟಡ ಕಟ್ಟಿದವನದ್ದು, ನೆಲ ನೆಲದವನದ್ದು. ನಮ್ಮ ಮೂಲಗೇಣಿಯ ದೂರದ ನೆಂಟ ಎನ್ನಬಹುದು. ಗೋದಾಮು, ಶಾಲೆ, ವರ್ಕ್‌ಶಾಪ್ ಕಟ್ಟುವ ವ್ಯಾಪಾರಿಗಳಿಗೆ ಇದು ಗುತ್ತಿಗೆಗಿಂತ ಉತ್ತಮ. ಒಂದು ಫ್ಲ್ಯಾಟಿನ ಕನಸಿರುವ ಕುಟುಂಬಕ್ಕೆ ಇದರ ಗೊಡವೆ ಬೇಡ.

ಕಂಪೆನಿ, ಫೌಂಡೇಶನ್, ಪಾಲು ಪತ್ರ

ಕೆಲವರು ಸ್ವಂತ ಹೆಸರಿನ ಬದಲು ಅಲ್ಲಿಯೇ ನೋಂದಾಯಿಸಿದ ಕಂಪೆನಿಯ ಹೆಸರಿನಲ್ಲಿ ಆಸ್ತಿ ಇಡುತ್ತಾರೆ. ದುಬೈಯ ಅಂತಾರಾಷ್ಟ್ರೀಯ ಹಣಕಾಸು ಕೇಂದ್ರದಲ್ಲಿ 2018ರಿಂದ ಫೌಂಡೇಶನ್ ಎಂಬ ವ್ಯವಸ್ಥೆಯೂ ಇದೆ. ನಾಲ್ಕಾರು ಆಸ್ತಿ, ಹಲವು ದೇಶಗಳಲ್ಲಿ ಚದುರಿದ ಮಕ್ಕಳು ಇರುವವರಿಗೆ ಅದು ಸರಿ. ವರ್ಷ ವರ್ಷವೂ ಶುಲ್ಕ, ಲೆಕ್ಕಪತ್ರ ಎಂದು ಖರ್ಚು ತಪ್ಪದು. ಒಂದೇ ಫ್ಲ್ಯಾಟ್ ಇರುವವರು ಇದರ ಬಲೆಗೆ ಬೀಳುವುದು ಎಮ್ಮೆಗಿಂತ ಹಗ್ಗಕ್ಕೆ ಹೆಚ್ಚು ಖರ್ಚು ಮಾಡಿದಂತೆ.

ನೆಲದ ಗೋಜೇ ಬೇಡ, ಬಾಡಿಗೆಯ ಪಾಲು ಸಾಕು ಎನ್ನುವವರಿಗೆ ಆಸ್ತಿ ನಿಧಿಗಳಿವೆ. ಹಲವರ ಹಣ ಸೇರಿಸಿ ಕಟ್ಟಡ ಕೊಂಡು ಬಾಡಿಗೆ ಹಂಚುವ ಕ್ರಮ. ದುಬೈಯಲ್ಲಿ 2010ರಲ್ಲಿ ಆರಂಭವಾದ ಎಮಿರೇಟ್ಸ್ ರೀಟ್ ಶರೀಅತಿಗೆ ಹೊಂದುವಂತೆ ನಡೆಯುವ ನಿಧಿ. ಪಾಲನ್ನು ಷೇರು ಮಾರುಕಟ್ಟೆಯಲ್ಲಿ ಮಾರಬಹುದು. ಬೆಲೆ ಏರಿದಂತೆ ಇಳಿಯಲೂಬಹುದು ಎಂಬುದು ನೆನಪಿರಲಿ.

ಮಕ್ಕಾ ಮದೀನಾದಲ್ಲಿ ಒಂದು ಕೋಣೆಯಾದರೂ ನಮ್ಮದಾಗಿರಲಿ ಎಂದು ಆಸೆಪಡುವವರು ನಮ್ಮಲ್ಲಿ ಎಷ್ಟಿಲ್ಲ! 2000ದಲ್ಲಿ ಸೌದಿ ಮಾಡಿದ ಕಾನೂನು ಆ ಎರಡು ನಗರಗಳಲ್ಲಿ ಸೌದಿಯೇತರರ ಒಡೆತನಕ್ಕೆ ಬಾಗಿಲು ಮುಚ್ಚಿತ್ತು. ವಾರಸಾಗಿ ಬಂದರೆ ಮಾತ್ರ ವಿನಾಯಿತಿ. ಮುಸ್ಲಿಮರಿಗೆ ಎರಡು ವರ್ಷ ಮೀರದ, ನವೀಕರಿಸಬಹುದಾದ ಗುತ್ತಿಗೆಯಷ್ಟೇ ಸಿಗುತ್ತಿತ್ತು. 2025ರ ಜನವರಿಯಲ್ಲಿ, ಈ ನಗರಗಳಲ್ಲಿ ಆಸ್ತಿ ಹೊಂದಿರುವ ಷೇರುಪೇಟೆಯ ಕಂಪೆನಿಗಳಲ್ಲಿ ವಿದೇಶೀಯರು ಒಟ್ಟು ಶೇ. 49ರ ಮಿತಿಯೊಳಗೆ ಪಾಲು ಕೊಳ್ಳಬಹುದೆಂದಾಯಿತು. ಅದೇ ವರ್ಷದ ಜುಲೈಯಲ್ಲಿ ಹೊಸ ಕಾನೂನು ಅಂಗೀಕಾರವಾಗಿ 2026ರ ಜನವರಿಯಲ್ಲಿ ಜಾರಿಗೆ ಬಂತು. ಮಕ್ಕಾ ಮತ್ತು ಮದೀನಾದಲ್ಲಿ ವ್ಯಕ್ತಿಗಳ ಒಡೆತನವನ್ನು ಅದು ಮುಸ್ಲಿಮರಿಗೆ ಮಾತ್ರ, ಅದೂ ಸರಕಾರ ಗೊತ್ತುಪಡಿಸುವ ಪ್ರದೇಶಗಳಿಗೆ ಸೀಮಿತಗೊಳಿಸಿದೆ. "ಹರಮಿನ ಹತ್ತಿರ ಕೋಣೆ, ಇಂದೇ ಮುಂಗಡ ಕೊಡಿ" ಎಂದು ವಾಟ್ಸಾಪಿನಲ್ಲಿ ಬರುವ ಸಂದೇಶಗಳಿಗೆ ಮರುಳಾಗುವ ಮೊದಲು, ಆ ಕಟ್ಟಡ ಗೊತ್ತುಪಡಿಸಿದ ಪ್ರದೇಶದಲ್ಲಿದೆಯೇ ಎಂಬ ಕಾಗದ ಕೇಳಿ.

ಇನ್ನೊಬ್ಬರ ಹೆಸರಿನಲ್ಲಿ ಬೇಡ

ಈಗ ಹೇಳುವುದು ಕಾನೂನುಬದ್ಧ ದಾರಿಯಲ್ಲ. ಆದರೂ ಹೇಳಲೇಬೇಕು, ಏಕೆಂದರೆ ನಮ್ಮವರು ಹೆಚ್ಚು ಮೋಸ ಹೋಗಿರುವುದು ಇಲ್ಲಿ. ವಿದೇಶೀಯರಿಗೆ ಅವಕಾಶವಿಲ್ಲದ ಕಡೆ ಸ್ಥಳೀಯನೊಬ್ಬನ ಹೆಸರಿನಲ್ಲಿ, ಅಂದರೆ ಕಫೀಲನ ಹೆಸರಿನಲ್ಲಿ ಆಸ್ತಿ ಕೊಂಡು, "ಇದು ನಿಜವಾಗಿ ನನ್ನದು" ಎಂದು ಒಂದು ಖಾಸಗಿ ಕಾಗದ ಬರೆಸಿಕೊಳ್ಳುವುದು. ಅಥವಾ ಊರಿನ ಗೆಳೆಯನ ಹೆಸರಿನಲ್ಲಿರುವ ಫ್ಲ್ಯಾಟಿಗೆ ಹಣ ಕೊಟ್ಟು ಪವರ್ ಆಫ್ ಅಟಾರ್ನಿ ಪಡೆದು ಸುಮ್ಮನಾಗುವುದು.

ದುಬೈಯ 2006ರ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟ. ಭೂ ಇಲಾಖೆಯ ರಿಜಿಸ್ಟರಿನಲ್ಲಿ ದಾಖಲಾಗದ ವ್ಯವಹಾರಕ್ಕೆ ಬೆಲೆಯಿಲ್ಲ. ಕಾಯ್ದೆಯನ್ನು ತಪ್ಪಿಸಲು ಮಾಡಿಕೊಂಡ ಒಪ್ಪಂದಗಳೂ ಅಸಿಂಧು. ಇನ್ನು ಪವರ್ ಆಫ್ ಅಟಾರ್ನಿ ಕೊಟ್ಟವನು ತೀರಿಕೊಂಡರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಫ್ಲ್ಯಾಟು ಅವನ ವಾರಸುದಾರರಿಗೆ ಹೋಗುತ್ತದೆ. ಆ ಗೆಳೆಯ ಒಳ್ಳೆಯವನೇ ಇರಬಹುದು, ಐದು ಹೊತ್ತು ನಮಾಝ್ ಮಾಡುವವನೇ ಇರಬಹುದು. ಅವನ ಮಕ್ಕಳಿಗೆ ನಿಮ್ಮ ಪರಿಚಯವೇ ಇಲ್ಲದಿದ್ದರೆ?

ಕಟ್ಟಿ ಮುಗಿಯದ ಮನೆಯನ್ನು ಕೊಳ್ಳುವವರಿಗೂ ಒಂದು ಮಾತು. 2008ರ ಕೊನೆಗೆ ದುಬೈಯಲ್ಲಿ ಬೆಲೆ ಕುಸಿದು ಎಷ್ಟೋ ಯೋಜನೆಗಳು ಅಡಿಪಾಯದಲ್ಲೇ ನಿಂತುಹೋದವು. ಕಂತು ಕಟ್ಟಿದವರ ಗೋಳು ಹೇಳತೀರದು. ಆ ಹೊತ್ತಿಗೆ ಎರಡು ಕಾಯ್ದೆಗಳು ಬಂದಿದ್ದವು. 2007ರ 8ನೇ ಕಾಯ್ದೆಯಂತೆ ಗ್ರಾಹಕರ ಹಣವನ್ನು ಆ ಯೋಜನೆಗೆಂದೇ ತೆರೆದ ಎಸ್ಕ್ರೋ ಖಾತೆಗೆ ಕಟ್ಟಬೇಕು, ಕಂಪೆನಿಯ ಸ್ವಂತ ಖಾತೆಗೆ ಅಲ್ಲ. 2008ರ 13ನೇ ಕಾಯ್ದೆಯಂತೆ ಕಟ್ಟಡ ಏಳುವ ಮೊದಲೇ ಮಾರಾಟವನ್ನು ತಾತ್ಕಾಲಿಕ ರಿಜಿಸ್ಟರಿನಲ್ಲಿ ದಾಖಲಿಸಬೇಕು. ರಶೀದಿಯಲ್ಲಿ ಯಾವ ಖಾತೆಯ ಹೆಸರಿದೆ ಎಂದು ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ.

ಬಡ್ಡಿಯ ಚಿಂತೆ ಇರುವವರಿಗೆ

ಪೂರ್ತಿ ಹಣ ಕೈಯಲ್ಲಿಲ್ಲ, ಬಡ್ಡಿಯ ಸಾಲವೂ ಬೇಡ ಎನ್ನುವವರು ಅಲ್ಲಿನ ಇಸ್ಲಾಮೀ ಬ್ಯಾಂಕುಗಳ 'ಇಜಾರಾ' ಯೋಜನೆಯನ್ನು ವಿಚಾರಿಸುತ್ತಾರೆ. ಬ್ಯಾಂಕು ಮನೆಯನ್ನು ಕೊಂಡು ನಿಮಗೆ ಬಾಡಿಗೆಗೆ ಕೊಡುತ್ತದೆ, ಕಂತುಗಳು ಮುಗಿದ ಮೇಲೆ ಒಡೆತನ ನಿಮಗೆ ಬರುತ್ತದೆ. ಗುತ್ತಿಗೆಯಂತೆಯೇ ಆರಂಭವಾದರೂ ಒಡೆತನದಲ್ಲಿ ಕೊನೆಯಾಗುವ ಗುತ್ತಿಗೆ ಇದು. ಇಲ್ಲಿ ಕೇಳಬೇಕಾದದ್ದು ಎರಡು: ಮಧ್ಯದಲ್ಲಿ ಕೆಲಸ ಹೋದರೆ ಏನು? ಮಧ್ಯದಲ್ಲಿ ಮರಣ ಸಂಭವಿಸಿದರೆ ಉಳಿದ ಕಂತಿಗೆ ತಕಾಫುಲ್ ರಕ್ಷಣೆ ಇದೆಯೇ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಊರಿಗೆ ಮರಳಿದ ಮೇಲೆ

ಗಲ್ಫಿನಲ್ಲಿ ವಾಸವಿದ್ದಾಗ ಅಲ್ಲಿನ ದುಡಿಮೆಯಿಂದ ಕೊಂಡ ಆಸ್ತಿಯನ್ನು ಊರಿಗೆ ಬಂದ ಮೇಲೆ ಮಾರಲೇಬೇಕೆಂದು ಕೆಲವರು ಹೆದರುತ್ತಾರೆ. ಹಾಗಿಲ್ಲ. ನಮ್ಮ ದೇಶದ ವಿದೇಶಿ ವಿನಿಮಯ ಕಾಯ್ದೆ, ಅಂದರೆ ಫೆಮಾದ 6(4) ನಿಯಮ ಅದನ್ನು ಇಟ್ಟುಕೊಳ್ಳಲು ಬಿಡುತ್ತದೆ. ವಿದೇಶದಲ್ಲಿದ್ದವರಿಂದ ವಾರಸಾಗಿ ಬಂದದ್ದನ್ನೂ ಇಟ್ಟುಕೊಳ್ಳಬಹುದು. ಇಲ್ಲಿ ಕುಳಿತು ಅಲ್ಲಿ ಕೊಳ್ಳುವವರು ಮಾತ್ರ ಒಬ್ಬೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರಿನ ಮಿತಿಯೊಳಗೆ, ಬ್ಯಾಂಕಿನ ಮೂಲಕವೇ ಹಣ ಕಳಿಸಬೇಕು. ಹವಾಲಾ ದಾರಿ ಹಿಡಿದರೆ ಮನೆ ನಿಮ್ಮದಾಗುವ ಮೊದಲೇ ನೋಟೀಸು ನಿಮ್ಮದಾಗುತ್ತದೆ.

ಇಲ್ಲಿನ ನಿವಾಸಿಯಾದ ಮೇಲೆ ಆದಾಯ ತೆರಿಗೆ ವಿವರದಲ್ಲಿ ವಿದೇಶದ ಆಸ್ತಿಯನ್ನು ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. ಹತ್ತಿರದ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳುವುದಕ್ಕೆ ನಾಚಿಕೆಪಡಬೇಡಿ.

ಅವರ ನಂತರ ನಿಮಗೆ

ಮರಣದ ಮಾತು ಯಾರಿಗೂ ಹಿತವಲ್ಲ. ಆದರೆ ಫೈಲು ನಿಮ್ಮ ಕೈಗೆ ನಿಜವಾಗಿ ಬರುವುದು ಆಗಲೇ. ಎಮಿರೇಟ್ಸಿನಲ್ಲಿ ಮುಸ್ಲಿಮನ ಆಸ್ತಿ ಶರೀಅತಿನ ಪ್ರಕಾರ ಹಂಚಿಕೆಯಾಗುತ್ತದೆ. ಮಕ್ಕಳಿದ್ದರೆ ಪತ್ನಿಗೆ ಎಂಟನೇ ಒಂದು, ಪತಿಯ ತಂದೆ ತಾಯಿ ಬದುಕಿದ್ದರೆ ಅವರಿಗೆ ತಲಾ ಆರನೇ ಒಂದು, ಉಳಿದದ್ದು ಗಂಡು ಹೆಣ್ಣು ಮಕ್ಕಳಿಗೆ. ಇಬ್ಬರ ಹೆಸರಿನಲ್ಲಿ ಕೊಂಡರೆ ಒಬ್ಬರ ನಂತರ ಪೂರ್ತಿ ಇನ್ನೊಬ್ಬರಿಗೆ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ತೀರಿಕೊಂಡವರ ಪಾಲು ವಾರಸುದಾರರಿಗೇ ಹೋಗುತ್ತದೆ. ಆದರೂ ಇಬ್ಬರ ಹೆಸರಿರುವುದು ಒಳ್ಳೆಯದು, ನಿಮ್ಮ ಪಾಲಿನ ಅರ್ಧವಾದರೂ ತಡೆಯಿಲ್ಲದೆ ನಿಮ್ಮದಾಗಿ ಉಳಿಯುತ್ತದೆ.

ಬದುಕಿರುವಾಗಲೇ ಹಿಬಾ, ಅಂದರೆ ದಾನವಾಗಿ ಕೊಡುವುದಕ್ಕೂ ದಾರಿಯಿದೆ. ದುಬೈಯಲ್ಲಿ ಮಾರಾಟದ ನೋಂದಣಿಗೆ ಬೆಲೆಯ ಶೇ. 4 ಶುಲ್ಕ. 10 ಲಕ್ಷ ದಿರ್ಹಮಿನ ಮನೆಗೆ 40 ಸಾವಿರ ದಿರ್ಹಮ್. ಆದರೆ ಪತಿ ಪತ್ನಿಯರ ನಡುವೆ ಮತ್ತು ಹೆತ್ತವರು ಮಕ್ಕಳ ನಡುವೆ ದಾನವಾದರೆ ಶೇ. 0.125 ಮಾತ್ರ, ಕನಿಷ್ಠ 2,000 ದಿರ್ಹಮ್. ಬಾಯಿಮಾತಿನ ಹಿಬಾ ಅಲ್ಲಿನ ರಿಜಿಸ್ಟರಿಗೆ ತಿಳಿಯದು. ಯಾರದ್ದೋ ಹಕ್ಕು ತಪ್ಪಿಸಲು ಇದನ್ನು ಬಳಸಬಾರದು ಎಂಬುದನ್ನು ಊರಿನ ಖತೀಬರು ನನಗಿಂತ ಚೆನ್ನಾಗಿ ಹೇಳಿಯಾರು.

ವೀಸಾಕ್ಕೂ ಒಡೆತನಕ್ಕೂ ಗೊಂದಲ ಮಾಡಿಕೊಳ್ಳಬೇಡಿ. 20 ಲಕ್ಷ ದಿರ್ಹಮಿನ ಆಸ್ತಿಗೆ 10 ವರ್ಷದ ಗೋಲ್ಡನ್ ವೀಸಾ ಸಿಗಬಹುದು. ಆದರೆ ವೀಸಾ ಮುಗಿದರೂ ಫ್ರೀಹೋಲ್ಡ್ ಮನೆ ನಿಮ್ಮದೇ.

ವಾರಸು ಪ್ರಮಾಣಪತ್ರಕ್ಕಾಗಿ ಅಲ್ಲಿನ ನ್ಯಾಯಾಲಯಕ್ಕೆ ಹೋಗುವಾಗ ಮರಣ ಪ್ರಮಾಣಪತ್ರ, ನಿಕಾಹ್ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರಗಳು ಬೇಕು. ಇಲ್ಲಿ ಮಾಡಿಸಿದ ಪತ್ರಗಳಿಗೆ ನಮ್ಮ ವಿದೇಶಾಂಗ ಇಲಾಖೆಯ ಮತ್ತು ಆ ದೇಶದ ರಾಯಭಾರ ಕಚೇರಿಯ ದೃಢೀಕರಣ, ಜೊತೆಗೆ ಅರಬಿ ಅನುವಾದವೂ ಬೇಕಾಗುತ್ತದೆ. ನಮ್ಮ ಮಹಿಳೆಯರಿಗೆ ತೊಡಕಾಗುವುದು ಹೆಸರಿನಲ್ಲಿ. ಜಮಾಅತಿನ ನಿಕಾಹ್ ಪುಸ್ತಕದಲ್ಲಿ ಬೀಫಾತಿಮಾ, ರೇಷನ್ ಕಾರ್ಡಿನಲ್ಲಿ ಫಾತಿಮಮ್ಮ, ಪಾಸ್‌ಪೋರ್ಟಿನಲ್ಲಿ ಫಾತಿಮತ್. ಮೂವರೂ ಒಬ್ಬರೇ ಎಂದು ನಿಮಗೆ ಗೊತ್ತು, ಅಲ್ಲಿ ಕುಳಿತ ಅಧಿಕಾರಿಗೆ ಗೊತ್ತಿಲ್ಲ. ಪತಿಯ ಪಾಸ್‌ಪೋರ್ಟ್ ಮುಂದಿನ ಬಾರಿ ನವೀಕರಣಕ್ಕೆ ಹೋಗುವಾಗ, ಪತ್ನಿಯ ಹೆಸರಿನ ಜಾಗದಲ್ಲಿ ನಿಮ್ಮ ಪಾಸ್‌ಪೋರ್ಟಿನಲ್ಲಿರುವ ಅದೇ ಅಕ್ಷರಗಳು ಇವೆಯೇ ಎಂದು ನೋಡಿ. ಜಮಾಅತಿನ ಪುಸ್ತಕದಲ್ಲಿ ಬೇರೆಯಿದ್ದರೆ ಮೊದಲು ಅದನ್ನು ಸರಿಪಡಿಸಿಕೊಂಡು, ಹೊಸ ಪ್ರತಿಯನ್ನು ಆ ಫೈಲಿನ ಮೇಲಿನ ಹಾಳೆಯಾಗಿ ಇಡಿ.